ಬೀರು ಬಿಟ್ಟು ಬರದ ಸೀರೆ

ಒಂದು ವಿಶ್ವವಿದ್ಯಾಲಯದಲ್ಲಿ ನೇಯ್ಗೆ ಕಲಿಸುವ ವಿಭಾಗವಿತ್ತು. ಅಲ್ಲಿ ಹಳೆಯ ಸೀರೆ, ಕುಪ್ಪಸದ ಕಣ, ಕೌದಿ, ಧೋತರ ಎಲ್ಲ ಸೇರಿ ನಾಲ್ಕು ನೂರು ಬಟ್ಟೆಗಳ ಸಂಗ್ರಹವಿತ್ತು. ಹುಡುಗರು ನೋಡಿ ಕಲಿಯಲಿ ಅಂತಲೇ ಹಿಂದಿನವರು ಊರೂರು ತಿರುಗಿ ಅದನ್ನು ಕೂಡಿಸಿದ್ದರು. ಬೀರುಗಳ ಬೀಗದ ಕೈ ಸಂಗ್ರಹದ ಉಸ್ತುವಾರಿ ಚನ್ನಮಲ್ಲಪ್ಪನ ಹತ್ತಿರ ಇತ್ತು.

ಚನ್ನಮಲ್ಲಪ್ಪ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಸಿಟ್ಟಿನಲ್ಲಿ ನನಗೇ ಮರೆತು ಹೋದೀತು. ಒಂದು ದಿನ ತಡವಾಗಿ ಬಂದವನಲ್ಲ, ಒಂದು ದಾರ ಮನೆಗೆ ಒಯ್ದವನಲ್ಲ. ಬೀರುಗಳನ್ನು ದಿನಾ ಒರೆಸುತ್ತಿದ್ದ. ತಿಂಗಳಿಗೊಮ್ಮೆ ಕರ್ಪೂರದ ಗುಳಿಗೆ ಹಾಕುತ್ತಿದ್ದ. "ನನ್ನ ಕೈಯಾಗ ಒಂದು ಎಳಿ ಸುದ್ದಾ ಹಾಳಾಗಿಲ್ಲ" ಎಂದು ಹೋದಲ್ಲಿ ಬಂದಲ್ಲಿ ಹೇಳಿಕೊಳ್ಳುತ್ತಿದ್ದ.

ಒಂದು ದಿನ ಬಾಳವ್ವ ಎಂಬ ಮುದುಕಿ ಬಂದಳು. ಜೀವಮಾನವೆಲ್ಲ ಮಗ್ಗದ ಮುಂದೆ ಕೂತವಳು. ಕಂಕುಳಲ್ಲಿ ಬಿಳಿ ಬಟ್ಟೆಯ ಗಂಟು. ಅದರೊಳಗೆ ತನ್ನ ಮದುವೆಗೆಂದು ತಾನೇ ನೇಯ್ದುಕೊಂಡ ಕೆಂಪು ರೇಷ್ಮೆ ಸೀರೆ. ಅದರ ಒಡಲಿಗೂ ಸೆರಗಿಗೂ ಮಗ್ಗದಲ್ಲಿ ಬೇರೆ ಬೇರೆ ಹಾಸು ಹೂಡಿ, ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸಿದ್ದಳು. ಹಾಗೆ ಸೇರಿಸುವವರು ಬೇಕಾದಷ್ಟು ಜನ ಇದ್ದರು. ಆದರೆ ಮುಂದಿನ ಮಗ್ಗುಲಿಂದ ಕಣ್ಣಿಗೆ ಕಾಣದ, ಬೆರಳಾಡಿಸಿದರೂ ಸಿಗದ ಕೊಂಡಿ ಹಾಕಲು ಬರುತ್ತಿದ್ದದ್ದು ಬಾಳವ್ವಳೊಬ್ಬಳಿಗೇ. ಅವಳಿಗೆ ಅದನ್ನು ಅವಳ ಅತ್ತೆ ಕಲಿಸಿದ್ದಳು. ಇವಳಿಂದ ಕಲಿಯಲು ಮನೆಯಲ್ಲಿ ಯಾರೂ ಇರಲಿಲ್ಲ.

"ಯಪ್ಪಾ, ಇದನ್ನ ಹುಡುಗ್ರ ಕೈಯಾಗ ಕೊಡು. ಹಿಂದ ಮುಂದ ತಿರುವಿ ನೋಡ್ಲಿ. ಮತ್ತ ದಸರಾಕ್ಕೊಮ್ಮಿ ಬಿಚ್ಚಿ ಗಾಳಿಗೆ ಹಾಕು, ಮಡಿಕಿ ಬದಲ್ ಮಾಡು. ಹಳೀ ಗೀಟಿನ ಮ್ಯಾಲ ಮಡಚಬ್ಯಾಡ" ಎಂದಳು.

"ಆತವ್ವಾ" ಎಂದ ಚನ್ನಮಲ್ಲಪ್ಪ. ರಿಜಿಸ್ಟರಿನಲ್ಲಿ ಸೀರೆಯ ಬಣ್ಣ ಬರೆದ, ಅಳತೆ ಬರೆದ, ಕೊಟ್ಟವರ ಹೆಸರು ಬರೆದ. ಮಡಿಕೆಯ ಮಾತು ಬರೆಯಲು ಅದರಲ್ಲಿ ಅಂಕಣ ಇರಲಿಲ್ಲ.

ಅವನಿಗೆ ಅದು ಗೊತ್ತಿಲ್ಲದ ಮಾತೇನಲ್ಲ. ಮನೆಯಲ್ಲಿ ಪ್ರತಿ ದಸರಾಕ್ಕೆ ಅವನ ಹೆಂಡತಿ ತನ್ನ ಧಾರೆ ಸೀರೆ ಬಿಚ್ಚಿ ನೆರಳಲ್ಲಿ ಹರವುತ್ತಿದ್ದಳು. ಸಂಜೆ ಅದರ ಒಂದು ತುದಿ ಹಿಡಿದು ನಿಂತು, ಅವಳು ಹೇಳಿದ ಹಾಗೆ ಹೊಸ ಮಡಿಕೆ ಹಾಕಿಸುತ್ತಿದ್ದವನು ಇವನೇ! ಆದರೆ ಮನೆಯದು ಸೀರೆ. ಇಲ್ಲಿಯದು ಸರಕಾರದ ಸ್ವತ್ತು. ಅದನ್ನು ಮುಟ್ಟದೆ ಇಟ್ಟರೆ ಕ್ಷೇಮ ಎಂದು ನಂಬಿದ್ದ.

ಪಾಠ ಮಾಡುವ ಶಶಿಕಲಾ ಮೇಡಂ ವರ್ಷ ವರ್ಷವೂ ಬಂದು ಕೇಳಿದರು. "ಸರ್, ಬಾಳವ್ವನ ಸೀರಿ ಒಂದ್ ತಾಸು ಕ್ಲಾಸಿಗೆ ಕೊಡ್ರಿ."

"ಆಗೂದಿಲ್ರಿ ಮೇಡಂ. ಹುಡುಗ್ರ ಕೈ ಬೆವರತಾವ. ಫೋಟೋ ಐತಲ್ಲ, ತೋರಸ್ರಿ."

"ಫೋಟೋದಾಗ ಸೀರಿ ತಿರುವಿ ನೋಡಾಕ ಬರ್ತದೇನ್ರಿ? ಕೊಂಡಿ ಇರೂದ ಹಿಂದಿನ ಮಗ್ಗಲಿಗೆ!"

"ಮ್ಯಾಲಿನವರ ಕಡಿಂದ ಬರಸ್ಕೊಂಡ ಬರ್ರಿ, ಕೊಡ್ತೀನಿ."

ಮೇಲಿನವರು "ಉಸ್ತುವಾರಿಯವರ ಅಭಿಪ್ರಾಯ ಪಡೆಯಿರಿ" ಎಂದು ಬರೆದು ಕಳಿಸುತ್ತಿದ್ದರು. ಉಸ್ತುವಾರಿ ಅಂದರೆ ಮತ್ತೆ ಇದೇ ಚನ್ನಮಲ್ಲಪ್ಪ. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಅನ್ನುತ್ತಾರಲ್ಲ, ಇದೇ ಕಥೆ.

ಕೊನೆಗೆ ಮೇಡಂ ಬಾಳವ್ವನನ್ನೇ ತರಗತಿಗೆ ಕರೆಸಿದರು. ಅಷ್ಟರಲ್ಲಿ ಅವಳ ಕಣ್ಣು ಮಂಜಾಗಿತ್ತು. ಮಗ್ಗದಲ್ಲಿ ಕೂರಲು ಆಗುತ್ತಿರಲಿಲ್ಲ. "ಬಾಯಿಲೆ ಹೇಳಾಕ ಬರಂಗಿಲ್ಲವ್ವಾ. ಸೀರಿ ಕೈಗೆ ಬಂದ್ರ ಬೆರಳ ಹೇಳತಾವ" ಎಂದಳು. ಇಪ್ಪತ್ತು ಹುಡುಗರು ಹುಡುಗಿಯರು ಅವಳ ಹಿಂದೆ ಸಂಗ್ರಹದ ಬಾಗಿಲಿಗೆ ಬಂದು ನಿಂತರು.

ಚನ್ನಮಲ್ಲಪ್ಪ ಬೀರುವಿಗೆ ಬೆನ್ನು ಕೊಟ್ಟು ನಿಂತ. "ಯವ್ವಾ, ತಪ್ಪ ತಿಳಕೋಬ್ಯಾಡ. ಬರೇ ಕೈಲೆ ಯಾರೂ ಮುಟ್ಟೂಹಂಗಿಲ್ಲ. ಕೈಯಾಗ ಎಣ್ಣಿ ಇರತೈತಿ, ಬೆವರು ಇರತೈತಿ."

ಮುದುಕಿ ತನ್ನ ಎರಡೂ ಕೈ ಮುಂದೆ ಚಾಚಿದಳು. "ನೇಯೂ ಮುಂದ ಇವ ಕೈ ಇದ್ದುವಲ್ಲೋ ಯಪ್ಪಾ" ಎಂದಳು.

ಅವನಿಗೆ ಒಂದು ಗಳಿಗೆ ನಾಚಿಕೆಯಾಯಿತು. ಆದರೂ ಬೀಗ ತೆಗೆಯಲಿಲ್ಲ. ನಿಯಮ ಪಾಲಿಸಿದೆ ಎಂದು ಸಮಾಧಾನ ಮಾಡಿಕೊಂಡು ಡಬ್ಬಿ ಬಿಚ್ಚಿ ರೊಟ್ಟಿ ತಿಂದ. ಬಾಳವ್ವ ಬಸ್ಸು ಹತ್ತಿ ಊರಿಗೆ ಹೋದಳು. ಅದೇ ಚಳಿಗಾಲದಲ್ಲಿ ತೀರಿಕೊಂಡಳು.

ಎರಡು ವರ್ಷ ಕಳೆಯಿತು. ವಿಭಾಗವನ್ನು ನೋಡಲು ತಪಾಸಣೆಯ ತಂಡ ಬಂತು. ಅವರಲ್ಲಿ ಹಿರಿಯರೊಬ್ಬರು ರಿಜಿಸ್ಟರಿನಲ್ಲಿ ಬಾಳವ್ವನ ಹೆಸರಿನ ಮೇಲೆ ಬೆರಳಿಟ್ಟು ಕೇಳಿದರು: "ಈ ಸೀರೆಯನ್ನು ಪಾಠಕ್ಕೆ ಎಷ್ಟು ಸಲ ಬಳಸಿದ್ದೀರಿ?"

ಚನ್ನಮಲ್ಲಪ್ಪ ಎದೆಯುಬ್ಬಿಸಿದ. "ಹನ್ನೆರಡು ವರ್ಷದಾಗ ಒಂದು ಸಲನೂ ಮುಟ್ಟಿಲ್ರಿ ಸರ್! ತಂದು ಇಟ್ಟಾಂಗ ಐತಿ."

"ಹಾಗಾದರೆ ಹರವಿ, ನೋಡೋಣ."

ಅವನು ಬಿಳಿ ಕೈಗವಸು ಹಾಕಿಕೊಂಡ. ಸೀರೆಯನ್ನು ಎರಡೂ ಕೈಯಿಂದ ಎತ್ತಿ ಮೇಜಿನ ಮೇಲೆ ಇಟ್ಟ. ಮೊದಲ ಮಡಿಕೆ ಎತ್ತಿದ. ಅದು ಕೈಯಲ್ಲೇ ಬಂತು. ಎರಡನೆಯದು ಎತ್ತಿದ. ಅದೂ ಕಳಚಿ ಬಂತು. ಹಳೆಯ ರೇಷ್ಮೆ, ಬಿಸಿಲಿಗೆ ಕಾಯುವ ಕಬ್ಬಿಣದ ಬೀರು, ಹನ್ನೆರಡು ವರ್ಷ ಒಂದೇ ಗೀಟಿನ ಮೇಲೆ ಕೂತ ಮಡಿಕೆ. ಗೀಟು ಗೀಟಿಗೂ ಸೀರೆ ಕತ್ತರಿಸಿ ಹೋಗಿತ್ತು. ಒಡಲು ಸೆರಗು ಸೇರುವ ಜಾಗದಲ್ಲೇ ಒಂದು ಮಡಿಕೆ ಬಿದ್ದಿತ್ತು. ಅಲ್ಲಿ ಕೊಂಡಿ ಇರಲಿಲ್ಲ, ಕೆಂಪು ಪುಡಿ ಇತ್ತು.

ಅಯ್ಯೋ, ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು! ಚನ್ನಮಲ್ಲಪ್ಪನಿಗೆ ಹೆಂಡತಿಯ ಧಾರೆ ಸೀರೆ ನೆನಪಾಯಿತು. ಮೂವತ್ತು ವರ್ಷದ್ದು. ಮೊನ್ನೆ ದಸರಾಕ್ಕೂ ಉಟ್ಟಿದ್ದಳು. ಒಂದು ಎಳೆ ಹರಿದಿರಲಿಲ್ಲ.

ಬಂದವರು ತಲೆ ಕೆಳಗೆ ಹಾಕಿ ಹೊರಟು ಹೋದರು. ಶಶಿಕಲಾ ಮೇಡಂ ಮಾತ್ರ ನಿಂತಿದ್ದರು. ಅವರು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಈಗರೆ ಹುಡುಗ್ರ ಕೈಯಾಗ ಕೊಡಬಹುದೇನ್ರಿ ಸರ್?" ಎಂದು ಕೇಳಿದರು.

ಅವನು ಬೀಗದ ಕೈಗಳನ್ನು ತೆಗೆದು ಮೇಜಿನ ಮೇಲಿಟ್ಟ. ಹುಡುಗರು ಬಂದರು. ಬಾಳವ್ವನ ಸೀರೆಯನ್ನು ಮೊದಲ ಸಲ ಬರಿಗೈಯಲ್ಲಿ ಮುಟ್ಟಿದರು. ತಿರುವಿ ನೋಡಿದರು. ಕಲಿಯಲು ಅದರಲ್ಲಿ ಏನೂ ಉಳಿದಿರಲಿಲ್ಲ. ಬೆರಳಿಗೆ ಅಂಟಿದ ಕೆಂಪು ಪುಡಿಯನ್ನು ಕೊಡವಿ ಒಬ್ಬೊಬ್ಬರೇ ಹೊರಗೆ ಹೋದರು.

ನೀತಿ: ಕಲಿಸಲೆಂದು ಕೊಟ್ಟದ್ದನ್ನು ಬೀಗ ಹಾಕಿ ಕಾಯುವವನು ಕಳ್ಳನಿಗಿಂತ ಹೆಚ್ಚು ಹಾಳು ಮಾಡುತ್ತಾನೆ. ಕಳ್ಳ ಒಯ್ದಿದ್ದರೆ ಆ ಸೀರೆಯನ್ನು ಎಲ್ಲೋ ಒಬ್ಬಳು ಉಟ್ಟಾದರೂ ಉಡುತ್ತಿದ್ದಳು.