ನೇಕಾರ ಪ್ರೊಸೆಸರ್ ಆರಿಸಿದ್ದು

"ಅಪ್ಪನವರೇ, ತಪ್ಪಾದುದನ್ನು ಆರಿಸಿ ಆಮೇಲೆ ಮರುಗುವುದಕ್ಕಿಂತ, ಸರಿಯಾದುದು ಯಾವುದೆಂದು ಖಚಿತವಾಗುವವರೆಗೆ ಕಾಯುವುದೇ ಮೇಲಲ್ಲವೇ?" ಎಂದು ಅಡವಯ್ಯ ಕೇಳಿದ.

ಅವನು ಮಠಕ್ಕೆ ಬಂದು ಆರು ವರ್ಷವಾಗಿತ್ತು. ಇದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಮೊದಲೂ ಕೇಳಿದ್ದ. ಗುರುಗಳಿಗೆ ವಯಸ್ಸಾಗಿತ್ತು. ಗೋಡೆಗೆ ಒರಗಿ ಕೂತರು. ಬಳಿಕ ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ನೇಕಾರನಿದ್ದ. ಕುಪ್ಪಸದ ಖಣ ನೇಯುತ್ತಿದ್ದ. ಅವನ ಹೆಂಡತಿ ಖಣದ ನಕ್ಷೆ ಬರೆಯುತ್ತಿದ್ದಳು. ಸಣ್ಣ ಸಣ್ಣ ಚೌಕಗಳ ಹಾಳೆಯ ಮೇಲೆ ಒಂದೊಂದೇ ಚೌಕ ತುಂಬಬೇಕು. ಅದನ್ನು ನೋಡಿಕೊಂಡು ರಟ್ಟಿಗೆ ತೂತು ಹೊಡೆದರೆ ಮಗ್ಗದಲ್ಲಿ ಹೂವು ಮೂಡುತ್ತದೆ. ಅವಳ ತಾಯಿ ಹೇಳಿಕೊಟ್ಟ ನಲವತ್ತೆರಡು ನಕ್ಷೆಗಳು ಅವಳ ತಲೆಯಲ್ಲಿದ್ದವು. ಬೇರೆ ಯಾರಲ್ಲಿಯೂ ಇರಲಿಲ್ಲ. ಬಳಸಿದ ಹಾಳೆ, ರಟ್ಟುಗಳು ಸವೆದು ಹೋಗುತ್ತಿದ್ದವು, ಪ್ರತಿ ಸಲವೂ ಅವಳು ಹೊಸದಾಗಿ ಬರೆಯುತ್ತಿದ್ದಳು.

ಒಂದು ಯುಗಾದಿಯ ಹೊತ್ತಿಗೆ ಅವಳಿಗೆ ಚೌಕಗಳು ಒಂದರೊಳಗೊಂದು ಬೆರೆತಂತೆ ಕಾಣತೊಡಗಿದವು. ಪಟ್ಟಣದ ಕಣ್ಣಿನ ವೈದ್ಯ ನೋಡಿದ. "ಇದು ನಿಲ್ಲುವ ರೋಗವಲ್ಲ. ಸಣ್ಣದನ್ನು ನೋಡುವ ಕೆಲಸ ಇನ್ನೊಂದು ವರ್ಷ ಆದೀತು, ಹೆಚ್ಚೆಂದರೆ ಒಂದೂವರೆ" ಎಂದ. ದೊಡ್ಡ ಪರದೆಯ ಕಂಪ್ಯೂಟರಿನಲ್ಲಿ ಚೌಕಗಳನ್ನು ಹಿಗ್ಗಿಸಿಕೊಂಡರೆ ಅವಳಿಗೆ ಸುಲಭವಾದೀತು ಎಂದೂ ಹೇಳಿದ.

ಮನೆಗೆ ಬಂದವನೇ ನೇಕಾರ ಚೌಕದ ಖಾಲಿ ಹಾಳೆಗಳನ್ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕಿದ. "ಇನ್ನ ಕಣ್ಣಿಗೆ ತ್ರಾಸ ಕೊಡಬ್ಯಾಡ. ಕಂಪ್ಯೂಟರ್ ಬರೂತನಕ ಸುಮ್ಮನ ಇರು" ಎಂದ. ಅವಳು ಒಪ್ಪಿದಳು. ಅವನಿಗೆ ಅವಳೆಂದರೆ ಪ್ರಾಣ. ಇದನ್ನು ಮರೆಯಬೇಡ ಅಡವಯ್ಯ.

ಅಂಗಡಿಯಲ್ಲಿ ಜೋಡಿಸಿಟ್ಟ ಕಂಪ್ಯೂಟರು ಅವನ ಕೈಗೆ ಎಟುಕುವಂತಿರಲಿಲ್ಲ. ಬಿಡಿಭಾಗ ತಂದು ಮನೆಯಲ್ಲಿಯೇ ಜೋಡಿಸಿದರೆ ಅಗ್ಗವಾಗುತ್ತದೆಂದು ತಿಳಿದುಕೊಂಡ. ಮಗ್ಗವನ್ನೇ ಬಿಚ್ಚಿ ಕಟ್ಟುವವನಿಗೆ ಇದೇನು ದೊಡ್ಡದು? ಪರದೆ ತಂದ. ಪೆಟ್ಟಿಗೆ ತಂದ. ಕೀಲಿಮಣೆ ತಂದ. ಉಳಿದುದು ಪ್ರೊಸೆಸರ್. ಕಂಪ್ಯೂಟರಿನ ಲೆಕ್ಕವನ್ನೆಲ್ಲ ಮಾಡುವ ಚಿಪ್ ಅದು. ಅದನ್ನು ಗೊತ್ತುಮಾಡದೆ ಅದು ಕೂರುವ ಬೋರ್ಡನ್ನು ಕೊಳ್ಳುವಂತಿಲ್ಲ. ಬೋರ್ಡಿಲ್ಲದೆ ಮಿಕ್ಕ ಯಾವುದಕ್ಕೂ ಜೀವವಿಲ್ಲ.

ಅವನು ಅಂಗಡಿಗೆ ಹೋದ. ವರ್ತಕ ಮೂರು ಬಗೆಯವನ್ನು ಹೇಳಿದ. ಮೊದಲನೆಯದು ಬಲು ಚುರುಕು, ಬೆಲೆಯೂ ಕಡಿಮೆ. ಆದರೆ ತಾನಾಗಿ ಪರದೆಯ ಮೇಲೆ ಚಿತ್ರ ಮೂಡಿಸದು, ಅದಕ್ಕೆ ಬೇರೊಂದು ಕಾರ್ಡು ಕೊಳ್ಳಬೇಕು. ಎರಡನೆಯದು ಚಿತ್ರವನ್ನು ತಾನೇ ಮೂಡಿಸುತ್ತದೆ, ಚುರುಕು ತುಸು ಕಡಿಮೆ. ಮೂರನೆಯದಕ್ಕೆ ಹೊಸ ಬಗೆಯ ಬೋರ್ಡು ಬೇಕು. ದುಬಾರಿ, ಆದರೆ ನಾಲ್ಕು ವರ್ಷದ ಮೇಲೆ ಆ ಬೋರ್ಡಿಗೇ ಇನ್ನೂ ಒಳ್ಳೆಯ ಪ್ರೊಸೆಸರ್ ಕೂರಿಸಬಹುದು.

"ನಿಮ್ಮ ಕೆಲಸಕ್ಕ ಎರಡನೇದ ಸಾಕ್ರೀ ಅಣ್ಣಾ" ಎಂದ ವರ್ತಕ.

ನೇಕಾರ ತಲೆಯಾಡಿಸಿ ಹೊರಗೆ ಬಂದ. ಅಂಗಡಿಯಲ್ಲಿ ಬಹಳ ದಿನ ಬಿದ್ದ ಮಾಲನ್ನು ನನ್ನ ತಲೆಗೆ ಕಟ್ಟುತ್ತಿದ್ದಾನೆ ಎಂದು ಅವನಿಗೆ ಅನ್ನಿಸಿತ್ತು.

ಅಂದಿನಿಂದ ಅವನು ಬಲ್ಲವರನ್ನು ಕೇಳತೊಡಗಿದ. ಒಬ್ಬ ಮೊದಲನೆಯದೆಂದ, ಇನ್ನೊಬ್ಬ ಮೂರನೆಯದೆಂದ. ಊಟ ಮುಗಿದೊಡನೆ ಮೊಬೈಲು ಹಿಡಿದು ಕೂತು, ಯಾವುದಕ್ಕೆ ಎಷ್ಟು ವೇಗ, ಎಷ್ಟು ಬಿಸಿಯಾಗುತ್ತದೆ, ಎಷ್ಟು ವಿದ್ಯುತ್ತು ತಿನ್ನುತ್ತದೆ ಎಂದು ನೋಡಿದ. ಮಳೆಗಾಲ ಕಳೆಯಿತು. ದೀಪಾವಳಿಗೆ ಬೆಲೆ ಇಳಿಯುತ್ತದೆಂದು ಕಾದ. ಇಳಿಯಿತು. ಅಷ್ಟರಲ್ಲಿ ಸಂಕ್ರಾಂತಿಯ ಸುಮಾರಿಗೆ ಹೊಸದು ಬರುತ್ತದೆ, ಆಗ ಹಳೆಯದು ಇನ್ನೂ ಅಗ್ಗವಾಗುತ್ತದೆ ಎಂದು ಯಾರೋ ಹೇಳಿದರು. ಕಾದ. ಹೊಸದು ಬಂತು. ಅದರಲ್ಲಿ ಏನೋ ದೋಷವಿದೆಯೆಂಬ ಮಾತೂ ಜೊತೆಗೇ ಬಂತು.

ಮಗ್ಗದ ಮೇಲೆ ಕೂತರೂ ಅವನ ಮನಸ್ಸು ಆ ಮೂರರ ನಡುವೆ ಲಾಳಿಯಂತೆ ಓಡಾಡುತ್ತಿತ್ತು. ನೇಯ್ಗೆಯಲ್ಲಿ ಎಳೆ ತಪ್ಪಿದವು. ಅವನು ಬಡಕಲಾದ. ದಣಿದ. ನಿದ್ದೆಯಿಂದ ಏಳುವಾಗಲೇ ದಣಿದಿರುತ್ತಿದ್ದ. ಆದರೂ ಬಿಡಲಿಲ್ಲ. ಇರುವುದೊಂದೇ ಗಂಟು, ಅದು ಖರ್ಚಾದರೆ ಇನ್ನೊಂದಿಲ್ಲ, ತಪ್ಪಿದರೆ ಅವಳಿಗೆ ಅನ್ಯಾಯವಾಗುತ್ತದೆ ಎಂಬುದೇ ಅವನ ಚಿಂತೆ.

ಒಂದು ದಿನ ಹೆಂಡತಿ ಅವನ ಪಕ್ಕದಲ್ಲಿ ಬಂದು ಕೂತಳು.

"ಇದ್ದುದರಾಗ ಯಾವುದಾರ ಒಂದು ತಂದುಬಿಡ್ರಿ" ಎಂದಳು. "ಅದರ ಹೊಟ್ಟ್ಯಾಗ ಏನೈತಿ ಅನ್ನೂದು ನನಗ್ಯಾಕ? ಚೌಕ ದೊಡ್ಡವು ಕಂಡ್ರ ಸಾಕು."

"ನಿನಗ ತಿಳಿಯೂದಿಲ್ಲ. ಒಮ್ಮೆ ತಂದಮ್ಯಾಲ ಹತ್ತು ವರ್ಷ ಬಾಳಬೇಕು" ಎಂದ ಅವನು.

ಅವಳು ಮತ್ತೆ ಆ ಮಾತೆತ್ತಲಿಲ್ಲ. ಪರದೆಯ ಡಬ್ಬಿಯ ಮೇಲೆ ಕೂತ ಧೂಳನ್ನು ವಾರಕ್ಕೊಮ್ಮೆ ಒರೆಸುತ್ತಿದ್ದಳು. ಒರೆಸುವಾಗ ಕೈಯಿಂದ ಅದರ ಅಂಚನ್ನು ತಡವಿ ನೋಡುತ್ತಿದ್ದಳು. ಅವನು ಅದನ್ನು ಕಂಡಿದ್ದ. ಏಕೆ ತಡವುತ್ತಾಳೆಂದು ಯೋಚಿಸಿರಲಿಲ್ಲ.

ಇನ್ನೊಂದು ಯುಗಾದಿ ಕಳೆದು ಎರಡು ತಿಂಗಳಾಗಿತ್ತು. ಒಂದು ಬೆಳಗ್ಗೆ ಅವಳು ಅವನಿಗೆ ಚಹಾ ಸೋಸಿದಳು. ಚಹಾ ಕಪ್ಪಿಗೆ ಬೀಳಲಿಲ್ಲ. ಪಕ್ಕದ ನೆಲಕ್ಕೆ ಬಿತ್ತು. ಅವಳಿಗೆ ಅದು ಗೊತ್ತಾದದ್ದು ಕಾಲಿಗೆ ಬಿಸಿ ತಾಗಿದಾಗ. ಬಟ್ಟೆ ತಂದು, ನೆಲವನ್ನು ಕೈಯಲ್ಲಿ ಹುಡುಕುತ್ತ ಒರೆಸಿದಳು.

ನೇಕಾರ ಎದ್ದ. ಅಂಗಿ ಹಾಕಿಕೊಂಡು ಮೊದಲ ಬಸ್ಸಿಗೇ ಪಟ್ಟಣಕ್ಕೆ ಹೋದ. ಹದಿನಾಲ್ಕು ತಿಂಗಳು ತೂಗಿ ನೋಡಿದ್ದನ್ನು ಅಂದು ಒಂದು ಗಳಿಗೆಯಲ್ಲಿ, ಬೋರ್ಡಿನ ಸಮೇತ ಕೊಂಡು ಬಂದ. ಬರುವಾಗ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣ ಚಿಪ್. ಇಷ್ಟೇ ಏನು ಎಂದು ಅವನಿಗೆ ಅನ್ನಿಸಿತು.

ಸಂಜೆಯೊಳಗೆ ಜೋಡಿಸಿದ. ಒಂದು ತಂತಿಯೂ ತಪ್ಪಲಿಲ್ಲ. ಗುಂಡಿ ಒತ್ತಿದೊಡನೆ ಪರದೆ ಬೆಳಗಿತು. ಚೌಕಗಳನ್ನು ಪರದೆಗೆ ತಂದು, ಒಂದೊಂದು ಅಂಗೈಯಗಲ ಆಗುವವರೆಗೆ ಹಿಗ್ಗಿಸಿದ. ಹೆಂಡತಿಯನ್ನು ಕರೆದು ಎದುರಿಗೆ ಕೂರಿಸಿದ. ಅವಳು ಮುಖವನ್ನು ಪರದೆಯ ಹತ್ತಿರ ಒಯ್ದಳು. ಇನ್ನೂ ಹತ್ತಿರ ಒಯ್ದಳು. ಮೂಗು ಗಾಜಿಗೆ ತಾಗಿತು.

"ಬೆಳಕು ಚಲೋ ಐತ್ರೀ" ಎಂದಳು.

ನೇಕಾರ ಅಲ್ಲಿಯೇ ನೆಲದ ಮೇಲೆ ಕೂತುಬಿಟ್ಟ. ಅಳಲಿಲ್ಲ. ಅಳುವಷ್ಟು ತ್ರಾಣ ಅವನಲ್ಲಿ ಉಳಿದಿರಲಿಲ್ಲ. ಅವಳು ಅವನ ಕಡೆಗೆ ತಿರುಗಿದಳು. "ನಾ ಹೇಳ್ತೀನಿ, ನೀವು ತುಂಬ್ರಿ" ಎಂದಳು.

ಮರುದಿನದಿಂದ ಅವರು ಹಾಗೆಯೇ ಮಾಡಿದರು. ಅವನು ಮಗ್ಗದಿಂದ ಇಳಿದು ಬಂದು ಕಂಪ್ಯೂಟರಿನ ಮುಂದೆ ಕೂರುವನು. ಅವಳು ಪಕ್ಕದಲ್ಲಿ ಕಣ್ಣು ಮುಚ್ಚಿಕೊಂಡು, ಮೊಣಕಾಲ ಮೇಲೆ ಬೆರಳಿನಿಂದ ಎಣಿಸುತ್ತ, ಎರಡು ತುಂಬು, ಒಂದು ಬಿಡು, ಮತ್ತೆ ಎರಡು ತುಂಬು ಎನ್ನುವಳು. ತುಂಬೆ ಹೂವು ಆಯಿತು. ಹುಣಸೆ ಎಲೆ ಆಯಿತು. ಜೋಡಿ ಹಂಸಕ್ಕೆ ಇಪ್ಪತ್ತು ದಿನ ಹಿಡಿಯಿತು. ಪ್ರೊಸೆಸರ್ ಎಷ್ಟು ಚುರುಕಾಗಿದ್ದರೇನು, ಕೆಲಸ ಸಾಗಿದ್ದು ಅವಳ ಬಾಯಿಯ ವೇಗದಲ್ಲಿ. ಕೆಲವು ನಕ್ಷೆಗಳಲ್ಲಿ ಅವಳು ಅರ್ಧಕ್ಕೆ ನಿಂತುಬಿಡುತ್ತಿದ್ದಳು. "ಇದು ಕೈಗೆ ಗೊತ್ತಿತ್ತು, ಬಾಯಿಗೆ ಬರವಲ್ದು" ಎನ್ನುತ್ತಿದ್ದಳು. ಅವನು ಅವಳ ಕೈಯಲ್ಲಿ ಪೆನ್ಸಿಲು ಕೊಟ್ಟು ನೋಡಿದ. ಕೈ ಸ್ವಲ್ಪ ದೂರ ಹೋಗಿ ನಿಲ್ಲುತ್ತಿತ್ತು.

ಎರಡು ವರ್ಷದಲ್ಲಿ ಮೂವತ್ತೊಂದು ನಕ್ಷೆಗಳು ಉಳಿದವು. ಹನ್ನೊಂದು ಹೋದವು. ಉಳಿದವನ್ನು ಆ ಊರಿನವರು ಈಗಲೂ ನೇಯುತ್ತಾರೆ.

ಗುರುಗಳು ಕತೆ ನಿಲ್ಲಿಸಿದರು. ಯಾರೋ ತಂದಿಟ್ಟ ನೀರನ್ನು ಗುಟುಕರಿಸಿದರು. ಅಡವಯ್ಯ ಬೆರಳುಗಳನ್ನು ಹೆಣೆದುಕೊಂಡು ಕೂತಿದ್ದ. ಏನನ್ನೋ ತನ್ನೊಳಗೇ ತೂಗುತ್ತಿದ್ದಂತಿತ್ತು. ಕೊನೆಗೆ ಕೇಳಿದ:

"ಅಪ್ಪನವರೇ, ಆ ಮೂರರಲ್ಲಿ ಅವನು ಕೊನೆಗೆ ಆರಿಸಿದ್ದು ಯಾವುದನ್ನು?"

ಗುರುಗಳು ಅವನ ಮುಖವನ್ನೇ ನೋಡಿದರು.

"ಅವನ ಹೆಂಡತಿ ಇಂದಿನವರೆಗೂ ಅದನ್ನು ಕೇಳಿಲ್ಲ, ಅಡವಯ್ಯ" ಎಂದರು.