ಬೆಲ್ಲವಿಲ್ಲದ ಮುಜುರೆ

ಪಾಳೆಯಗಾರರ ಆನೆ ಗೌರಾ ಸೊಂಡಿಲೆತ್ತಿ ಮುಜುರೆ ಮಾಡಿದಾಗಲೆಲ್ಲ ಮಾವುತ ಅದರ ಬಾಯಿಗೆ ಬೆಲ್ಲ ಇಡುತ್ತಿದ್ದ. ದಳವಾಯಿ ಕೆಂಚಣ್ಣನಿಗೆ ಇದು ಸರಿಬರಲಿಲ್ಲ.

“ಬೆಲ್ಲಕ್ಕೆ ಮಾಡೋದೂ ಒಂದು ಮುಜುರೆಯೇನೋ? ಯುಗಾದಿ ದರ್ಬಾರಿಗೆ ದೊರೆಗಳ ಬೀಗರು ಬರ್ತಾರೆ. ಅವತ್ತು ನಿನ್ನ ಕೈಯಲ್ಲಿ ಚೂರೂ ಬೆಲ್ಲ ಇರಕೂಡದು. ಆನೆ ಒಂದು ಸಲ ತಪ್ಪಿದರೂ ನೀನು ಗಡಿಯಾಚೆ!”

ಮಾವುತ ಬೆಲ್ಲವನ್ನು ಥಟ್ಟನೆ ನಿಲ್ಲಿಸಿ ನೋಡಿದ. ಗೌರಾ ನಾಲ್ಕಾರು ಸಲ ಸೊಂಡಿಲೆತ್ತಿ, ಆಮೇಲೆ ಮುಖ ತಿರುಗಿಸಿತು. ಮರುದಿನದಿಂದ ಅವನು ಒಮ್ಮೆ ಕೊಟ್ಟ, ಒಮ್ಮೆ ಕೊಡಲಿಲ್ಲ. ಬರಬರುತ್ತ ಕೊಡುವುದನ್ನೇ ಅಪರೂಪ ಮಾಡಿದ. ಯಾವಾಗ ಸಿಗುತ್ತದೆಂದು ಆನೆಗೆ ತಿಳಿಯದಂತೆ ನೋಡಿಕೊಂಡ.

ದರ್ಬಾರಿನ ದಿನ ಬೀಗರ ಕಡೆಯವರು ಒಬ್ಬೊಬ್ಬರಾಗಿ ಬಂದರು. ಗೌರಾ ಬೆಲ್ಲವಿಲ್ಲದೆ ಎಲ್ಲರಿಗೂ ಸೊಂಡಿಲೆತ್ತಿತು.

“ಏನು ಮಾಟ ಮಾಡಿದೆಯೋ?” ದಳವಾಯಿ ಗದರಿದ.

“ಮಾಟ ಅಲ್ಲ ಸ್ವಾಮಿ, ಈ ಸಲ ಸಿಕ್ಕೀತು ಅನ್ನೋ ಆಸೆ. ದೊರೆಗಳು ತಮಗೂ ದಿನಾ ವೀಳ್ಯ ಕೊಡೋದಿಲ್ಲ. ಕೆಲವು ದಿನ ತಿರುಗಿಯೂ ನೋಡೋದಿಲ್ಲ. ತಾವು ಮುಜುರೆ ತಪ್ಪಿಸಿದ್ದೀರಾ?”

ದಳವಾಯಿಯ ಕೈ ಕತ್ತಿಯ ಹಿಡಿಗೆ ಹೋಯಿತು. ಅಷ್ಟರಲ್ಲಿ ದೊರೆ ತಟ್ಟೆಯಿಂದ ವೀಳ್ಯ ತೆಗೆದರು. ಕತ್ತಿ ಬಿಟ್ಟ ಕೈ ತಾನಾಗಿಯೇ ಮುಜುರೆಗೆ ಎದ್ದಿತು.

ದೊರೆ ನಗುತ್ತ ವೀಳ್ಯವನ್ನು ಮಾವುತನಿಗೆ ಕೊಟ್ಟರು.