ನಲವತ್ತನೇ ಹೆಜ್ಜೆ

ಏಳನೇ ಇಯತ್ತೆಯ ಪರೀಕ್ಷೆ ಶುರುವಾಗುವ ಸೋಮವಾರ ನಾನು ಮೊದಲ ಸಲ ಮನೆ ಬಿಟ್ಟು ನಡೆದೆ. ಆಮೇಲೆ ಎಲ್ಲಿಯೂ ಒಂದು ವರ್ಷ ಪೂರ್ತಿ ನಿಂತವನಲ್ಲ.

ಶರಭಯ್ಯಜ್ಜನ ಮಠದಲ್ಲಿ ಮಾತ್ರ ಮೂರು ವರ್ಷ ಇದ್ದೆ.

ಹೊಳೆ ದಂಡೆಯ ಸಣ್ಣ ಮಠ. ಸಂಜೆ ಅಜ್ಜ ಕಟ್ಟೆಯ ಮೇಲೆ ಕೂತು ದೂರದೇಶಗಳ ಕಥೆ ಹೇಳುತ್ತಿದ್ದರು. ಯಾರು ಯಾರ ಮೇಲೆ ದಂಗೆ ಎದ್ದರು, ಹೇಗೆ ಸತ್ತರು. ಕಲಿತ ಶಿಷ್ಯನಿಗೆ ಒಂದು ಕರಿ ಕಂಬಳಿ ಹೊದಿಸಿ ಕಳಿಸುವುದು ಅಲ್ಲಿಯ ಪದ್ಧತಿ. ಕಂಬಳಿ ಸಿಕ್ಕವನು ಊರೂರಿಗೆ ಹೋಗಿ ಕಥೆ ಹೇಳಬಹುದು. ಸಿಗದವನು ಹೇಳುವಂತಿಲ್ಲ.

ನನಗೆ ಆ ಕಂಬಳಿ ಬೇಕಾಗಿತ್ತು. ನನಗೆ ಬರುವ ಕೆಲಸ ಎರಡೇ, ನಡೆಯುವುದು ಮತ್ತು ಮಾತಾಡುವುದು.

ಒಂದು ಸಂಜೆ ಅಜ್ಜ, "ಬಾಳಪ್ಪಾ, ಇವತ್ತ ನೀ ಹೇಳು," ಎಂದರು.

ಸ್ಪಾರ್ಟಕಸ್‌ನ ಕಥೆ ಎತ್ತಿಕೊಂಡೆ. ಎರಡು ಸಾವಿರ ವರ್ಷದ ಹಿಂದೆ ರೋಮಿನ ಮಂದಿ ಗುಲಾಮರನ್ನು ಕಣಕ್ಕಿಳಿಸಿ, ಒಬ್ಬರನ್ನೊಬ್ಬರು ಕೊಲ್ಲುವುದನ್ನು ನೋಡಿ ಕೇಕೆ ಹಾಕುತ್ತಿದ್ದರು. ಅಂಥ ಎಪ್ಪತ್ತು ಚಿಲ್ಲರೆ ಗುಲಾಮರು ಅಡುಗೆಮನೆಯ ಕತ್ತಿ, ಮಾಂಸ ಸುಡುವ ಸಲಾಕೆ ಹಿಡಿದು ಸ್ಪಾರ್ಟಕಸ್‌ನ ಬೆನ್ನಿಗೆ ಕಪುವಾ ಎಂಬ ಊರಿನಿಂದ ಹೊರಬಿದ್ದರು. ಸಾವಿರ ಸಾವಿರ ಜನ ಅವರನ್ನು ಕೂಡಿಕೊಂಡರು. ಎರಡು ವರ್ಷ ರೋಮಿಗೆ ನಿದ್ದೆ ಇರಲಿಲ್ಲ.

ಕೊನೆಯ ಯುದ್ಧಕ್ಕೆ ಬಂದಾಗ ಎದ್ದು ನಿಂತು ಗರ್ಜಿಸಿದೆ. ದೋಣಿ ನಡೆಸುವ ಫಕೀರಮ್ಮ ಎಲೆಅಡಿಕೆ ಅಗಿಯುವುದನ್ನೇ ಮರೆತಳು.

"ಅವನು ಬಿದ್ದ! ಹೆಣ ಸೈತ ಸಿಗಲಿಲ್ಲ. ಸೆರೆ ಸಿಕ್ಕ ಆರು ಸಾವಿರ ಮಂದಿಯನ್ನ ದಾರಿಯುದ್ದ ಶಿಲುಬೆಗೆ ಏರಿಸಿದರು. ಮುಗೀತು ಕಥಿ!"

"ಏನ್ ದನಿ ಕೊಟ್ಟಾನಪಾ ದೇವರು!" ಎಂದಳು ಫಕೀರಮ್ಮ.

ಅಜ್ಜ ಕೇಳಿದರು, "ಅವನೊಬ್ಬ ಸಾಯಾಕ ಎಷ್ಟ ಹೊತ್ತು ತಗೊಂಡಿ?"

"ಅರ್ಧ ತಾಸು ಆಗಿರಬೇಕ್ರಿ."

"ಆರ ಸಾವಿರ ಮಂದಿಗೆ?"

ನಾನು ಮೆಲ್ಲಗೆ ಕಟ್ಟೆಯ ಮೇಲೆ ಕೂತೆ.

"ಒಂದ ಉಸಿರು," ಎಂದರು ಅಜ್ಜ.

ಬೆಳಿಗ್ಗೆ ಮೂವತ್ತು ಹುಣಸೆಬೀಜ ನನ್ನ ಅಂಗೈಗೆ ಸುರಿದರು.

"ಕಪುವಾದಿಂದ ರೋಮಿನ ತನಕ ಇತ್ತು ಆ ಶಿಲುಬಿ ಸಾಲು. ಹೆಚ್ಚು ಕಮ್ಮಿ ನಲವತ್ತ ಹೆಜ್ಜಿಗೊಬ್ಬ. ಹೊಳಿ ಗುಂಟ ಹೋಗು. ನಲವತ್ತಕ್ಕೊಮ್ಮೆ ನಿಂತು ತಲಿ ಎತ್ತಿ ನೋಡು. ನೂರು ಮಂದಿ ಆದ್ರ ಒಂದ ಬೀಜ ಒಗಿ. ಬೀಜ ತೀರಿದಲ್ಲಿ ಮೂರ ಸಾವಿರ. ಬರೂವಾಗ ಇನ್ನ ಮೂರ ಸಾವಿರ."

"ಅಷ್ಟ ಏನ್ರಿ ಅಜ್ಜಾರ? ನಡಿಯೋದು ನನಗ ನೀರು ಕುಡಿದಂಗ."

ಆರನೇ ದಿನಕ್ಕೆ ಮರಳಿದೆ. ಅಜ್ಜ ಜೋಳ ಹಸನು ಮಾಡುತ್ತಿದ್ದರು. ಮೊರದಿಂದ ಕಣ್ಣೆತ್ತಲಿಲ್ಲ.

"ಎಲ್ಲಿಗೆ ನಿಲ್ಲೋದು ಬಿಟ್ಟಿ?"

"ಅರವತ್ತ ಮಂದಿ ತನಕಾ ನಿಂತೇನ್ರಿ. ಹೆಜ್ಜಿ ಲೆಕ್ಕ ತಪ್ಪಿಲ್ಲ. ಆದ್ರ ನಿಂತು ನೋಡಾಕ ಅಲ್ಲೇನೂ ಇರಲಿಲ್ಲ ಅಜ್ಜಾರ. ಬರೇ ಗಾಳಿ."

"ನಡಿಯಾಕ ನಿನಗ ಯಾರೂ ಕಲಿಸಬೇಕಿಲ್ಲ. ನಿಲ್ಲಾಕ ಬರಂಗಿಲ್ಲ. ಮತ್ತ ಹೋಗು."

ಸಿಟ್ಟು ಬಂತು. ಬೇರೆ ಊರಿನ ದಾರಿ ಹಿಡಿಯೋಣ ಎನಿಸಿತು. ಆದರೆ ಕಂಬಳಿ ಇಲ್ಲದೆ ನಾನು ಬರೀ ಅಲೆಮಾರಿ. ಹೊಳೆಯ ದಾರಿಯನ್ನೇ ಹಿಡಿದೆ.

ನಲವತ್ತು. ನಿಂತೆ. ತಲೆ ಎತ್ತಿದೆ. ಗಾಳಿ.

ನಲವತ್ತು. ಗಾಳಿ.

ಎರಡನೇ ದಿನ, ನಿಂತಲ್ಲಿ ಒಬ್ಬ ಕುರುಬ ಬೇವಿನ ಬೊಡ್ಡೆಗೆ ಒರಗಿದ್ದ. ಹಿಮ್ಮಡಿ ಬಿರಿದಿದ್ದವು. ಶಿಲುಬೆಯ ಮೇಲೆ ಇವನು, ಅಂದುಕೊಂಡೆ. ನಲವತ್ತು ಹೆಜ್ಜೆಯಾಚೆ ಒಬ್ಬ ಬಾಯಲ್ಲಿ ದಾರ ಕಚ್ಚಿಕೊಂಡು ಬಲೆ ಹೊಲಿಯುತ್ತಿದ್ದ. ಇವನು.

ಅದರ ಮುಂದೆ ಯಾರೂ ಇರಲಿಲ್ಲ. ತಲೆ ಎತ್ತಿದರೆ ಗಾಳಿಯಲ್ಲಿ ನನ್ನ ಅಣ್ಣ ಇದ್ದ. ನಾನು ಮನೆ ಬಿಟ್ಟ ಆ ಸೋಮವಾರ ನನ್ನ ಪರೀಕ್ಷೆಗೆಂದು ಪೆನ್ಸಿಲ್ ಚೂಪು ಮಾಡುತ್ತ ಕೂತಿದ್ದನಲ್ಲ, ಅದೇ ಮುಖ.

ಅಲ್ಲಿಂದ ಗಾಳಿ ಖಾಲಿ ಇರಲಿಲ್ಲ.

ಮರಳುವಾಗ ಒಂದು ದಿಬ್ಬ ಹತ್ತಿ ಹಿಂದೆ ನೋಡಿದೆ. ಹೊಳೆಯ ತಿರುವಿನಾಚೆ, ಕಣ್ಣು ಸೋಲುವ ತನಕ, ಒಬ್ಬನ ಆಚೆ ಒಬ್ಬ. ಆಗ ಹೊಳೆಯಿತು. ನಲವತ್ತು ಹೆಜ್ಜೆ ಅಂದರೆ ಕೂಗಿದರೆ ಕೇಳುವಷ್ಟು ದೂರ. ಅವರು ಒಬ್ಬರಿಗೊಬ್ಬರು ಏನು ಕೂಗಿ ಹೇಳಿಕೊಂಡರೋ. ಈ ತುದಿಯ ಮಾತು ಆ ತುದಿಯ ತನಕ ಹೋಯಿತೋ ಏನೋ.  ಕುಕ್ಕರಗಾಲಲ್ಲಿ ಕೂತುಬಿಟ್ಟೆ.

ಹತ್ತೊಂಬತ್ತನೇ ದಿನದ ಸಂಜೆ ಮಠ ಮುಟ್ಟಿದೆ. ಕಟ್ಟೆಯ ಮೇಲೆ ಜನ ಸೇರಿದ್ದರು.

"ಹೇಳು," ಎಂದರು ಅಜ್ಜ.

ಹೇಳಿದೆ. ಯುದ್ಧ ಬಂದಾಗ ಗರ್ಜಿಸಲಿಲ್ಲ. ಸ್ಪಾರ್ಟಕಸ್ ಬಿದ್ದ ಮೇಲೆ ಕಟ್ಟೆ ಇಳಿದು ನಲವತ್ತು ಹೆಜ್ಜೆ ನಡೆದು ನಿಂತೆ.

"ಇಲ್ಲೊಬ್ಬ."

ಮತ್ತೆ ನಲವತ್ತು. "ಇಲ್ಲೊಬ್ಬ."

ಮೂರನೆಯವನ ಹತ್ತಿರ ನಿಂತಾಗ ಬೆನ್ನ ಹಿಂದೆ ಹೆಜ್ಜೆ ಸಪ್ಪಳ. ಜನ ಎದ್ದು ಬಂದಿದ್ದರು. ಫಕೀರಮ್ಮ ಮೇಲೆ ನೋಡುತ್ತ, ಸಣ್ಣ ದನಿಯಲ್ಲಿ ಕೇಳಿದಳು.

"ಅವನ ಮೈಮ್ಯಾಲ ಅರಿವಿ ಇತ್ತೇನಪಾ?"

"ಗೊತ್ತಿಲ್ಲವ್ವಾ."

ಅವಳು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ನನ್ನೊಡನೆ ಮುಂದಿನವನ ಕಡೆ ನಡೆದಳು.

ಮರುದಿನ ಅಜ್ಜ ಒಳಗಿನಿಂದ ಕರಿ ಕಂಬಳಿ ತಂದು ನನ್ನ ಹೆಗಲಿಗೆ ಹಾಕಿದರು. 

ಎರಡು ಧೋತ್ರ, ಒಂದು ತಂಬಿಗೆ, ಉಳಿದ ರೊಟ್ಟಿ. ಗಂಟು ಬಿಗಿಯುತ್ತ ಕೂತೆ. ಬಿಗಿದದ್ದನ್ನು ಬಿಚ್ಚಿ ಮತ್ತೆ ಕಟ್ಟಿದೆ.

"ದಾರಿಗೆ ಒಂದು ಮಾತು ಹೇಳ್ರಿ ಅಜ್ಜಾರ."

ಅಜ್ಜ ಗಂಟಿನ ತುದಿ ಹಿಡಿದು ಬಿಗಿಯಾಗಿ ಜಗ್ಗಿ ಕೊಟ್ಟರು.

"ನಲವತ್ತನೇ ಹೆಜ್ಜಿಗೆ ಹೊಳ್ಳಿ ನನ್ನ ನೋಡಬ್ಯಾಡ. ಬಾಜೂಕ ಯಾರ ಅದಾರ ನೋಡು."